ಎಂಟನೇ ಇನ್ನಿಂಗ್ಸ್‌ನ ಮೌನ

ಮಿಲ್‌ಬ್ರೂಕ್, ಅಯೋವಾ
ಆಗಸ್ಟ್ 20, 2019, ಮಂಗಳವಾರ

ಪ್ರೀತಿಯ ತಮ್ಮ ಲೈಲ್‌ಗೆ,

ಭುಜದ ನೋವು ಈಗ ಹೇಗಿದೆ? ಅರಿಜೋನಾದ ಬಿಸಿಲು ಒಳ್ಳೆಯದು ಎಂದಿದ್ದೆಯಲ್ಲ, ಹಾಗೇ ಆಗಲಿ. ನನ್ನ ಮಂಡಿ ಇದ್ದ ಹಾಗೇ ಇದೆ. ಮುಸುಕಿನ ಜೋಳ ಈ ವರ್ಷ ಆಳೆತ್ತರ ಬೆಳೆದಿದೆ. ಹೋದ ವಾರ ಫೋನಿನಲ್ಲಿ, "ಅಕ್ಕಾ, ಊರಿನ ಮೈದಾನದ ಸಮಿತೀಲಿ ನೀನಿದೀಯ. ನಮ್ಮ ಬೇಸ್‌ಬಾಲ್ ಮೈದಾನ ಮಾತ್ರ ಆ ಫುಟ್‌ಬಾಲ್‌ನೋರಿಗೆ ಬಿಟ್ಕೊಡ್ಬೇಡ ಕಣೇ" ಎಂದೆಯಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಭಾನುವಾರದ ಆಟ.

ಕೊಳಾಯಿ ರಿಪೇರಿಯ ನೊವಾಕ್ ಇದ್ದಾನಲ್ಲ, ಅವನ ಮಗ ಡೀನ್ ಚೆಂಡೆಸೆಯುತ್ತಿದ್ದ. ನಾನು ಎಂದಿನಂತೆ ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುತ್ತಿದ್ದೆ. ಒಂಬತ್ತು ಇನ್ನಿಂಗ್ಸ್‌ನಲ್ಲಿ ಏಳು ಮುಗಿದರೂ ಎದುರಾಳಿಗಳಲ್ಲಿ ಒಬ್ಬನೂ ಅವನ ಚೆಂಡನ್ನು ಸರಿಯಾಗಿ ಹೊಡೆದು ಓಡಿರಲಿಲ್ಲ. ಅಂಥ ಅಪರೂಪದ ಹೊತ್ತಿನಲ್ಲಿ ಆ ಮಾತು ಎತ್ತಬಾರದು, ಎತ್ತಿದರೆ ದೃಷ್ಟಿಯಾಗುತ್ತದೆ. ನಿನಗೆ ಬೇರೆ ಹೇಳಬೇಕೇ? ಎಪ್ಪತ್ತನಾಲ್ಕನೇ ಇಸವಿಯಲ್ಲಿ ನೀನು ಹಾಗೇ ಎಸೆಯುತ್ತಿದ್ದಾಗ ಎಂಟನೇ ಇನ್ನಿಂಗ್ಸ್‌ನಲ್ಲಿ ಅಮ್ಮ, "ನಮ್ಮ ಹುಡುಗನ ಚೆಂಡನ್ನ ಇನ್ನೂ ಒಬ್ಬನೂ ಹೊಡೆದೇ ಇಲ್ಲ ನೋಡ್ರೀ" ಅಂದುಬಿಟ್ಟಳು. ಮುಂದಿನ ಚೆಂಡಿಗೇ ಹೊಡೆತ ಬಿತ್ತು. ಅಪ್ಪ ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದರು, ಪಾಪ.

ಭಾನುವಾರವೂ ಎಂಟನೆಯದರಲ್ಲಿ ಎಲ್ಲರೂ ಸುಮ್ಮನಿದ್ದರು. ಪರವಾಗಿಲ್ಲ, ಊರಿಗೆ ಇನ್ನೂ ರೀತಿ ನೀತಿ ಇದೆ ಅಂದುಕೊಂಡು ಹಿಂದೆ ತಿರುಗಿ ನೋಡಿದೆ. ಎಣಿಸಿ ಇಪ್ಪತ್ತಾರು ಜನ. ಅರ್ಧಕ್ಕರ್ಧ ಮೊಬೈಲ್ ನೋಡುತ್ತಿದ್ದರು. ಹಿಂದಿನ ಸಾಲಿನ ಹೆಂಗಸೊಬ್ಬಳು, "ಅಜ್ಜೀ, ಇದು ಇನ್ನೂ ಎಷ್ಟೊತ್ತು ಎಳೀತಾರೆ?" ಎಂದಳು. ಅವರು ದೃಷ್ಟಿಗೆ ಹೆದರಿ ಸುಮ್ಮನಿರಲಿಲ್ಲ ಲೈಲ್. ಅವರಿಗೆ ಗೊತ್ತೇ ಇರಲಿಲ್ಲ.

ಡೀನ್ ಒಂಬತ್ತೂ ಇನ್ನಿಂಗ್ಸ್ ಹಾಗೇ ಮುಗಿಸಿದ. ಜೊತೆಯವರು ಅವನ ಮೇಲೆ ಬಿದ್ದು ಕುಣಿದರು. "ಏನಾಯ್ತು ಇವರಿಗೆ?" ಎಂದು ಯಾರೋ ಕೇಳಿದರು. ಆಮೇಲೆ ಅವನು ನನ್ನ ಹತ್ತಿರ ಬಂದು, "ವೆಲ್ಮಾ ಅಜ್ಜಿ, ನೀವು ಬರ್ಕೊಂಡ್ರಿ ತಾನೆ?" ಎಂದ. ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದ.

ಮನೆಗೆ ಶಾಲೆಯ ಹಿಂದಿನ ದಾರಿಯಲ್ಲಿ ಬಂದೆ. ಮಾಂಸದ ಕಾರ್ಖಾನೆಯ ಕೆಲಸಗಾರರ ಫುಟ್‌ಬಾಲ್ ನಡೆಯುತ್ತಿತ್ತು. ಹುಲ್ಲಿಲ್ಲದ ಕಲ್ಲುನೆಲ. ಕೂರಲು ಒಂದು ಬೆಂಚಿಲ್ಲ, ಮುನ್ನೂರು ಜನ ನಿಂತೇ ನೋಡುತ್ತಿದ್ದರು. ಅಷ್ಟು ಗದ್ದಲದ ಮಧ್ಯೆ ಒಮ್ಮೆ ಎಲ್ಲರೂ ಒಟ್ಟಿಗೆ ಉಸಿರು ಹಿಡಿದರು. ಯಾಕೆಂದು ನನಗೆ ತಿಳಿಯಲಿಲ್ಲ, ಅವರೆಲ್ಲರಿಗೂ ತಿಳಿದಿತ್ತು.

ಮಾತ್ರೆ ತಪ್ಪಿಸಬೇಡ. ನಿನ್ನಾಕೆ ಅರ್ಲೀನ್‌ಗೆ ನಾನು ಕೇಳಿದೆನೆಂದು ಹೇಳು. ನೀವಿಬ್ಬರೂ ತಣ್ಣಗಿರಿ.

ನಿನ್ನ ಅಕ್ಕ,
ವೆಲ್ಮಾ

ತಾ.ಕ.: ಸಮಿತಿ ನಿನ್ನೆ ಸೇರಿತ್ತು. ಎರಡು ಕೈ ಆ ಕಡೆ, ಎರಡು ಈ ಕಡೆ. ಮೈದಾನ ಫುಟ್‌ಬಾಲ್‌ಗೆ ಹೋಯಿತು, ಐದನೆಯ ಕೈ ನನ್ನದು. ನೀನು ನಿಂತು ಎಸೆಯುತ್ತಿದ್ದ ದಿಬ್ಬದ ಬಿಳಿ ರಬ್ಬರ್ ಪಟ್ಟಿಯನ್ನು ಡೀನ್ ಕಿತ್ತುಕೊಟ್ಟ, ಪಾರ್ಸೆಲ್ ಮಾಡಿದ್ದೇನೆ. ಮಣ್ಣು ಒರೆಸಿಲ್ಲ. ಸಿಟ್ಟು ಮಾಡಿಕೋ, ಆದರೆ ಅಪ್ಪನ ಹಾಗೆ ಮೂರೇ ದಿನ.