ಎಲ್ಲಾ ಕಳೆದು ಕೈಗೆಷ್ಟು?

ಅಪ್ಪ,

ನೀನಿದ್ದಿದ್ದರೆ ಇವತ್ತು ನಗುತ್ತಿದ್ದೆ. ನಿನ್ನ ಮಾತು ಮೀರಿ ಜರ್ಮನಿಗೆ ನರ್ಸಿಂಗ್ ಓದಲು ಹೋದ ತನುಜಕ್ಕನಿಗೆ ನಾನೇ ಹಣ ಕಳಿಸಿದೆ. ಈ ವಾರ ಬಾಡಿಗೆ ಕಟ್ಟದಿದ್ದರೆ ಅವಳು ರೂಮು ಬಿಡಬೇಕಿತ್ತು.

ಬ್ಯಾಂಕಿನವರು ಕಮಿಷನ್ ಕೇಳಿದರು. ಹೊರದೇಶಕ್ಕೆ ಹಣ ಕಳಿಸಿಕೊಡುವ ಚಿಕ್ಕಬಳ್ಳಾಪುರದ ಏಜೆಂಟ್ ಒಬ್ಬ "ಕಮಿಷನ್ ಇಲ್ಲ" ಎಂದು ಬೋರ್ಡೇ ಹಾಕಿದ್ದ. ಅವನಿಗೇ ಕೊಟ್ಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ನೆನಪಾಯಿತು. ಯಾರು ಎಷ್ಟೇ ದೊಡ್ಡ ರೇಟು ಕೂಗಿದರೂ ನೀನು ಕೇಳುತ್ತಿದ್ದುದು ಒಂದೇ ಮಾತು. ಅದನ್ನೇ ಕೇಳಿದೆ.

"ಕಮಿಷನ್ ಇರ್ಲಿ ಅಣ್ಣ, ಎಲ್ಲಾ ಕಳೆದು ಅಕ್ಕನ ಕೈಗೆ ಎಷ್ಟು ಯೂರೋ ಸೇರುತ್ತೆ?"

"ಏನಪ್ಪ, ಗೂಡು ಮಾರಕ್ಕೆ ಬಂದಿದ್ದೀಯಾ?" ಎಂದು ನಕ್ಕ. ಲೆಕ್ಕ ಹಾಕಿಸಿದರೆ, ಅವನ ಕಮಿಷನ್ ಯೂರೋ ಬೆಲೆಯೊಳಗೇ ಕೂತಿತ್ತು; ಒಂದೊಂದು ಯೂರೋಗೂ ಹೆಚ್ಚು ರೂಪಾಯಿ ಹಿಡಿದಿದ್ದ. ಬ್ಯಾಂಕಿನಲ್ಲೂ ಅದೇ ಪ್ರಶ್ನೆ ಕೇಳಿದೆ, ಫೋನಿನ ಆ್ಯಪಿನಲ್ಲೂ ನೋಡಿದೆ. ಕಮಿಷನ್ ಇಷ್ಟು ಎಂದು ಮೊದಲೇ ಹೇಳಿದ ಆ್ಯಪಿನಿಂದಲೇ ಅಕ್ಕನಿಗೆ ಹೆಚ್ಚು ಸೇರಿತು.

ಹಣ ಬಂತೆಂದು ಅವಳೇ ಫೋನ್ ಮಾಡಿದಳು. "ಸ್ಕೂಲಲ್ಲಂತೂ ನೀನು ಕೂತೋನಲ್ಲ ಕಣೋ, ಇದನ್ನ ಯಾರು ಹೇಳ್ಕೊಟ್ರು?"

ನಿನ್ನ ಮಾತು ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಪ್ಪ ಯಾವತ್ತಾದ್ರೂ ನನ್ನ ವಿಷಯ ಕೇಳಿತ್ತಾ?" ಎಂದಳು.

ನನಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತು. ಕೇಳಲಿಲ್ಲ ಎಂದೆ. ಆದರೆ ಅವಳು ಹೋದ ಮೇಲೆ, ವಿಮಾನದ ಸದ್ದಾದಾಗಲೆಲ್ಲ ನೀನು ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ನಿಲ್ಲಿಸಿ, ಅದು ಮರೆಯಾಗುವವರೆಗೂ ಮೇಲೆ ನೋಡುತ್ತಿದ್ದೆ.

ಅದನ್ನೂ ಹೇಳಿಬಿಟ್ಟೆ ಅಪ್ಪ.