ಅವ್ವ ರೊಟ್ಟಿ ಕೇಳಿದಳು

ಗದಗ, ಫೆಬ್ರುವರಿ ೩೦, ೨೨೧೪

ನನ್ನ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕಳೆದ ಕಾಲಕ್ಕೆ ಹೋಗುವ ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಏನು ಬರೆಯಲೆಂದು ವರ್ಷಗಟ್ಟಲೆ ಯೋಚಿಸಿದವಳು ಇಂದು ಯೋಚಿಸದೆಯೇ ಬರೆಯಲು ಕುಳಿತಿದ್ದೇನೆ. ಸಂತೋಷಕ್ಕೆ ಅಕ್ಷರಗಳು ಸೊಟ್ಟಗಾಗುತ್ತಿವೆ.

ನನ್ನ ಅವ್ವ ಶಾಂತವೀರಮ್ಮ ಗಾಳಿಬಂಡಿಯ ಚಾಲಕಿ. ಗುಡ್ಡದ ಗಾಳಿಯಂತ್ರಗಳ ವಿದ್ಯುತ್ತಿನಿಂದ ಹಳಿ ಮುಟ್ಟದೆ ಓಡುವ ಆ ಬಂಡಿಯನ್ನು ಹುಬ್ಬಳ್ಳಿಗೆ ಮುಟ್ಟಿಸಿ ಬಂದಮೇಲೆ, ನೆರಳುಬಲೆಯಡಿ, ಅಂದರೆ ಬಿಸಿಲು ಸೋಸಲು ನಾವು ಬೀದಿಬೀದಿಗೂ ಕಟ್ಟುವ ಬಟ್ಟೆಯ ಚಾವಣಿಯಡಿ, ಗೆಳತಿಯರ ಜೊತೆ ಮಿರ್ಚಿ ಭಜಿ ತಿನ್ನುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅಂಥವಳಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಅದು ನಿಮ್ಮ ಕಾಲದ್ದೇ, ನಾವಿನ್ನೂ ಗೆದ್ದಿಲ್ಲ. ಮೊದಲು ಕೈ ನಡುಗಿತು, ಆಮೇಲೆ ಮೈ ಬಿಗಿಯಿತು. ಕೊನೆಗೆ ಮನಸ್ಸೂ ಮುಳುಗಿ, ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟಳು. ಮಾತಿಲ್ಲ, ಊಟವಿಲ್ಲ. ಮಾತ್ರೆಗಳು ಯಾವುವೂ ನಾಟಲಿಲ್ಲ.

ಡಾಕ್ಟರ್ ಫರ್ಜಾನಾ ಮಿಂಚುಮದ್ದು ಕೊಡೋಣ ಎಂದರು. ನಿಮ್ಮ ಜನ ಇದನ್ನೇ ಕರೆಂಟ್ ಕೊಡುವುದು ಎಂದು ಹೆದರುತ್ತಿದ್ದರಂತೆ. ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಅವ್ವನ ಎದೆಬಡಿತ ಸರಿಯಾಗಿಡಲು ಎದೆಯೊಳಗೆ ಮೊದಲೇ ಒಂದು ಪುಟ್ಟ ಯಂತ್ರ ಕೂಡಿಸಿದ್ದರು. ಅಣ್ಣ ಚನ್ನವೀರ ಅಡ್ಡ ನಿಂತ.

"ಎದಿಯೊಳಗ ಮಿಷಿನ್ ಐತ್ರಿ. ತಲಿಗೆ ಕರೆಂಟ್ ಕೊಟ್ಟಾಗ ಎದೀನ ನಿಂತ್ರ?"

"ಅಪಾಯ ಇಲ್ಲs ಇಲ್ಲ ಅಂತ ನಾ ಹೇಳಂಗಿಲ್ಲ" ಎಂದರು ಡಾಕ್ಟರು. "ಎದಿ ಡಾಕ್ಟರು ಮೊದಲು ಮಿಷಿನ್ ತಪಾಸ್ ಮಾಡ್ತಾರ, ಆಮ್ಯಾಲೆ ಬಾಜೂಕ ನಿಂತಿರ್ತಾರ. ಆದ್ರ ಹಿಂಗ ಊಟ ಬಿಟ್ಟು ಮಲಗೋದೂ ಅಪಾಯನ. ನಿಮ್ಮವ್ವಾರನ್ನs ಕೇಳೂಣು."

ನಾನು ಅವ್ವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು.

"ಆಗ್ಲಿ."

ಅರಿವಳಿಕೆ ಕೊಟ್ಟು ಮಲಗಿಸಿದರು. ಗಾಜಿನಾಚೆಯಿಂದ ನಾವು ಕಂಡದ್ದು ಅವಳ ಕಾಲ್ಬೆರಳು ಒಂದಿಷ್ಟು ಅದುರಿದ್ದು, ಅಷ್ಟೆ. ಅಣ್ಣ ನನ್ನ ತೋಳನ್ನು ಕೆಂಪಾಗುವಂತೆ ಹಿಡಿದಿದ್ದ. ಮೊದಲ ಕೆಲವು ಸಲ ಕೊಟ್ಟಾಗ ಏನೂ ಆಗಲಿಲ್ಲ. ಮನೆಗೆ ಕರೆದೊಯ್ಯೋಣ ಎಂದ ಅಣ್ಣ. ಇನ್ನೊಂದು ಸಲ ನೋಡೋಣ ಎಂದು ನಾನು ಬೇಡಿಕೊಂಡೆ.

ಆ ಇನ್ನೊಂದು ಸಲವೂ ಆಯಿತು. ಇಂದು ಬೆಳಿಗ್ಗೆ ಅವ್ವ ತಾನಾಗಿ ಎದ್ದು ಕುಳಿತಳು!

"ಚನ್ಯಾ, ಯಾಕೋ ಹಂಗ ಕಣ್ ಕಣ್ ಬಿಡಾಕತ್ತಿ? ಹೊಟ್ಟಿ ಹಸದೈತಿ. ರೊಟ್ಟಿ ತಾ."

ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ನಾನು ನಕ್ಕೆನೋ ಅತ್ತೆನೋ ತಿಳಿಯದು. ಬಿಗಿದಿದ್ದ ಬೆರಳುಗಳು ಸಡಿಲಗೊಂಡಿವೆ, ನನ್ನ ಭುಜ ಹಿಡಿದು ಕಿಟಕಿಯವರೆಗೆ ನಡೆದಳು!

ಕಾಯಿಲೆ ಹೋಗಿಲ್ಲ, ನಿಜ. ಮದ್ದು ಆಗಾಗ ಬೇಕಾದೀತಂತೆ. ಆಸ್ಪತ್ರೆಗೆ ಬಂದ ದಿನ ಅವಳಿಗೆ ನೆನಪಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಾಳೆ, ನಾನು ಖುಷಿಯಿಂದ ಮತ್ತೆ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತು ಬಿಟ್ಟು ಮಲಗಿದ್ದರೆ, ಮೈಗೇ ವಾಸಿಯಾಗದ ಕಾಯಿಲೆಯಿದೆ, ಮನಸ್ಸಿಗೆ ಇನ್ನೇನು ಮಾಡಲಾದೀತು ಎಂದು ಕೈಚೆಲ್ಲಬೇಡಿ. ಹೆದರಿಕೆಯಿದ್ದರೆ ಹೆದರಿಕೊಂಡೇ ಡಾಕ್ಟರನ್ನು ಕೇಳಿ. ಮಲಗಿದವರನ್ನೂ ಕೇಳಿ. ನನ್ನ ಒಂದೇ ಹಿಂದೋಲೆಯನ್ನು ಇದಕ್ಕಾಗಿಯೇ ಖರ್ಚುಮಾಡಿದೆ.

ಅವ್ವ ಕರೆಯುತ್ತಿದ್ದಾಳೆ. ಎಷ್ಟು ಜೋರು ದನಿ! ಬರುತ್ತೇನೆ.

ನಿಮ್ಮ ಕುಡಿ,
ನೀಲಗಂಗಾ