ಮಲಕಾರಿಯ ಹಾಜರಿ

೩-೧೧-೧೯೯೧, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಯಿತು. ಚಹಾ, ಚುರುಮುರಿ. ಎಂದಿನಂತೆ ಸೆಕ್ರೆಟರಿ ನಾನೇ ಗಂಡಸರ ಸಂಘದ ಹಾಜರಿ ಕೂಗಿದೆ. ಹದಿನೇಳು ಹೆಸರು, ಹದಿನಾರು 'ಹಾಜರ್'. ಮಲಕಾರಿ ಎಂದಾಗ ಎಲ್ಲರೂ ನೆಲ ನೋಡಿದರು. ಹೋದ ತಿಂಗಳು ಕಾಮಾಲೆಯಿಂದ ತೀರಿಕೊಂಡ. ನಿನ್ನೆ ಸತ್ತವರ ದಿನ — ಗೋರಿಗೆ ಮೇಣದಬತ್ತಿ ಹಚ್ಚಿ ಬಂದೆವು. ಸತ್ತವರೂ ನಮ್ಮ ಬಳಗದವರೇ ಎಂದರು ಫಾದರ್. ಜೋರಾಗಿ ಆಮೆನ್ ಅಂದವರು ಅಧ್ಯಕ್ಷ ಬಾಳಾಸಾಬ.

ಅದೇ ಬಾಳಾಸಾಬ ಇವತ್ತು — "ಮಾಸ್ತರ, ಮಲಕಾರಿ ಹೆಸರ ಹೊಡದ ಹಾಕ್ರಿ. ಮಗಳ ಹೆಸರೂ."

ನಿಯಮವಂತೆ. ಅಪ್ಪ ಸತತ ಮೂರು ವಾರ ಸಭೆಗೆ ಬರದಿದ್ದರೆ ಸಂಘ ಕೊಡುವ ಮಗುವಿನ ಫೀ, ಪುಸ್ತಕ ಬಂದ್. ಅವನ ಮಗಳು ರೆಜಿನಾ ಒಂಬತ್ತನೆಯ ಇಯತ್ತೆ, ಕ್ಲಾಸಿಗೇ ಮೊದಲು.

"ಮನಷ್ಯಾನ ಸತ್ತ ಹೋಗ್ಯಾನಲ್ರಿ."

"ಯಾಕ ಬರದಿದ್ರೂ ಗೈರಹಾಜರಿ ಗೈರಹಾಜರಿನ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ.

೫-೧೧, ಸಂಜೆ

ಯಾರನ್ನು ಬೈಯಲಿ? ಆ ನಿಯಮ ಬರೆದವನು ನಾನೇ. ೮೬ರಲ್ಲಿ. ಮಕ್ಕಳ ಫೀ ಸಂಘದಿಂದ ಕಟ್ಟಿಸಿಕೊಂಡು ಅಪ್ಪಂದಿರು ಭಾನುವಾರ ಇಸ್ಪೀಟಿಗೆ ಕೂರುತ್ತಿದ್ದರು. ಒಟ್ಟಿಗೆ ಕೂತು ಚಹಾ ಕುಡಿದರೆ ಒಬ್ಬನ ಮಗು ಎಲ್ಲರ ಮಗುವಾದೀತು ಅಂದುಕೊಂಡೆ. ಸಾವು ತಲೆಗೇ ಬರಲಿಲ್ಲ. ಮಾಸ್ತರನಂತೆ, ಮಣ್ಣು.

೬-೧೧

ಮಲಕಾರಿಯ ಹೆಂಡತಿ ಗೌರಾಬಾಯಿ ಬಂದಿದ್ದಳು. ವಖಾರಿಯ ಕೆಲಸದಿಂದ ನೇರ, ಸೆರಗಿನಲ್ಲಿ ತಂಬಾಕಿನ ಘಾಟು.

"ರೆಜಿನಾನ್ನ ಬೀಡಿ ಕಟ್ಟಾಕ ಕೂಡಸೂದಿಲ್ರಿ ನಾ. ಸಂಘಕ್ಕ ನಾನ ಬಂದ ಕುಂದರ್ತೀನಿ."

"ಅದು ಗಂಡಸರ ಸಂಘ ಐತೆವಾ."

"ಗಂಡಸರು ಇದ್ದ ಮನಿ ಮಕ್ಕಳಿಗಷ್ಟ ಸಾಲಿ ಐತೇನ್ರಿ?"

ಚಹಾ ಮಾಡಿಸಿದೆ. ಕುಡಿಯದೇ ಹೋದಳು.

೧೦-೧೧, ಭಾನುವಾರ

ಫಾದರ್ ಚಿಕ್ಕೋಡಿಗೆ ಹೋಗುವ ಅವಸರದಲ್ಲಿದ್ದರು. ರೆಜಿನಾಳ ವಿಷಯ ಕೇಳಿದೆ. "ಸಂಘದವರೇ ತೀರ್ಮಾನ ಮಾಡಿರಿ." ಹೋದರು. ಸಂಘದವರಿಗೆ ಹೇಳಿದೆ. ಚುರುಮುರಿ ತಿಂದರು.

೧೭-೧೧, ಭಾನುವಾರ

ಗಂಡಸರ ಬೆಂಚಿನ ತುದಿಯಲ್ಲಿ ಗೌರಾಬಾಯಿ. ಪಕ್ಕದವರು ಸರಿದು ಕೂತರು. ಹಾಜರಿ ಕೂಗಿದೆ. ಮಲಕಾರಿಯ ಹೆಸರು ಹೊಡೆದಿರಲಿಲ್ಲ. ಕೂಗಿದೆ.

"ಹಾಜರ್ ಅದೀನ್ರಿ."

ಬಾಳಾಸಾಬ ಕಪ್ಪು ಕೆಳಗಿಟ್ಟರು. "ಸತ್ತವನ ಹೆಸರಿಗೆ ನೀ ಹ್ಯಾಂಗ ಹಾಜರ್?"

"ಸತ್ತವರೂ ಬಳಗದಾಗ ಅದಾರ ಅಂದ್ರಲ್ರಿ ಫಾದರ್. ನೀವ ಆಮೆನ್ ಅಂದ್ರಿ. ಅವರಿಗೆ ಬರಾಕ ಆಗೂದಿಲ್ಲ. ನಾ ಬಂದೀನಿ."

ಹಾಜರಿ ಹಾಕಿದೆ. ಮೂರು ಭಾನುವಾರ ಸುಮ್ಮನೆ ಚುರುಮುರಿ ತಿಂದ ಹದಿನಾರು ಗಂಡಸರ ಮೇಲಿನ ಸಿಟ್ಟು. ನಾನೂ ಅದರಲ್ಲಿ ಒಬ್ಬ.

"ಬ್ಯಾರೆ ಸೆಕ್ರೆಟರಿ ನೋಡ್ತೀವ್ರಿ" ಎಂದರು ಬಾಳಾಸಾಬ.

೨೩-೧೧, ಶನಿವಾರ

ರಿಜಿಸ್ಟರ್ ಕೇಳಿಕೊಂಡು ಬಾಳಾಸಾಬ ಎರಡು ಸಲ ಆಳು ಕಳಿಸಿದ್ದರು. ಕೊಡಲಿಲ್ಲ. ರೆಜಿನಾಳ ಫೀ ಕಟ್ಟಲು ಸೋಮವಾರವೇ ಕೊನೆ. ಹಾಜರಿ ಇದ್ದ ಮನೆಯ ಮಗುವಿಗೆ ಸಂಘ ಕಟ್ಟಲೇಬೇಕು — ಅದೂ ನಿಯಮ, ಅದನ್ನೂ ನಾನೇ ಬರೆದದ್ದು.

ಹೊಸ ಪುಟಕ್ಕೆ ಗೆರೆ ಎಳೆದೆ. ಹದಿನಾರು ಹೆಸರು ಬರೆದಾಯಿತು. ನಾಳೆ ಮಲಕಾರಿ ಎಂದು ಕೂಗುವುದಿಲ್ಲ. ಬದುಕಿದ್ದವಳು ಸತ್ತವನ ಹೆಸರಿಗೇಕೆ ಓಗೊಡಬೇಕು? ಹದಿನೇಳನೆಯದು — ಗೌರಾಬಾಯಿ.